ಅಗಲಿದ ನಟನ ಹೆಸರು ಯಾವುದಕ್ಕೆ: ಹಳೆಯ ಕೋಡಿ ರಸ್ತೆಗೋ, ಏರಿ ಕೆಳಗಿನ ಹೊಸ ಉದ್ಯಾನಕ್ಕೋ?

ಕೆರೆದಂಡೆ (ಪ್ರಶ್ನೆ):

ನಮ್ಮದು ತುಮಕೂರು ಜಿಲ್ಲೆಯ ಒಂದು ತಾಲ್ಲೂಕು ಕೇಂದ್ರ. ಊರ ದೊಡ್ಡ ಕೆರೆಯ ಏರಿಯ ಕೆಳಗೆ, ಬಹಳ ವರ್ಷ ಕಸ ಸುರಿಯುವ ಗುಂಡಿಯಾಗಿದ್ದ ಒಂದೂವರೆ ಎಕರೆ ಜಾಗವನ್ನು ಪುರಸಭೆಯವರು ಈಚೆಗೆ ಸಮತಟ್ಟು ಮಾಡಿಸಿ, ನಡೆದಾಡುವ ಹಾದಿ, ಮಕ್ಕಳಿಗೆ ಜೋಕಾಲಿ, ಹಿರಿಯರಿಗೆ ಕಲ್ಲುಬೆಂಚು, ಮೂಲೆಯಲ್ಲಿ ಪತ್ರಿಕೆ ಓದುವುದಕ್ಕೊಂದು ಕೋಣೆ, ಅದರ ಮುಂದೆ ಮೊಣಕಾಲೆತ್ತರದ ಒಂದು ಕಟ್ಟೆ, ಇಷ್ಟನ್ನು ಕಟ್ಟಿಸಿದ್ದಾರೆ. ಕಡತದಲ್ಲಿ ಇದಕ್ಕೆ ‘ಏರಿ ಕೆಳಗಿನ ಉದ್ಯಾನ’ ಎಂದಷ್ಟೇ ಹೆಸರಿದೆ. ಇದಕ್ಕೆ ಡಾ. ಪುನೀತ್ ರಾಜ್‌ಕುಮಾರ್ ಅವರ ಹೆಸರಿಡಬೇಕೆಂದು ಬಡಾವಣೆಯ ಯುವಕರು ನಮ್ಮ ನಿವಾಸಿಗಳ ಸಂಘಕ್ಕೆ ಮನವಿ ಕೊಟ್ಟಾಗ ನಾನು ಎರಡನೆಯ ಯೋಚನೆಯಿಲ್ಲದೆ ಒಪ್ಪಿದವನು.

ಆದರೆ ಸಭೆಯಲ್ಲಿ ಮಾತು ಮೂರು ದಾರಿ ಹಿಡಿಯಿತು. ಅಭಿಮಾನಿಗಳಲ್ಲೇ ಕೆಲವರು ಉದ್ಯಾನ ಸಾಲದು ಎಂದರು. ಬಸ್ ನಿಲ್ದಾಣದಿಂದ ಕೆರೆಯ ಕೋಡಿಯವರೆಗೆ ಹೋಗುವ ಕೋಡಿ ರಸ್ತೆಗೇ ಅವರ ಹೆಸರಿಟ್ಟರೆ ಪ್ರತಿ ಅಂಗಡಿಯ ಫಲಕದಲ್ಲೂ ಅದು ಕಾಣುತ್ತದೆ ಎಂಬುದು ಅವರ ವಾದ. ಹಿರಿಯರೊಬ್ಬರು, ಅವರು ನಮ್ಮ ಊರಿಗೆ ಒಮ್ಮೆಯೂ ಬಂದವರಲ್ಲ, ಊರಿಗಾಗಿ ದುಡಿದವರ ಹೆಸರು ಯಾರಿಗೂ ನೆನಪಾಗಲಿಲ್ಲವೇ ಎಂದು ಕೇಳಿದರು. ಇನ್ನೊಬ್ಬರು ಹೆಸರಿನ ಜೊತೆಗೆ ಕೋಡಿಯ ವೃತ್ತದಲ್ಲಿ ಒಂದು ಪ್ರತಿಮೆಯೂ ಆಗಲಿ ಎಂದರು. ಸಭೆ ತೀರ್ಮಾನವಿಲ್ಲದೆ ಮುಗಿಯಿತು.

2021ರ ಅಕ್ಟೋಬರ್ 29ರ ಮಧ್ಯಾಹ್ನ ನಮ್ಮ ಊರಿನ ಅಂಗಡಿಗಳು ಯಾರೂ ಹೇಳದೆ ಬಾಗಿಲು ಹಾಕಿದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ನಲವತ್ತಾರು ವರ್ಷದ ಒಬ್ಬ ನಟನಿಗಾಗಿ, ಸಿನಿಮಾ ನೋಡದ ನನ್ನ ತಾಯಿಯೂ ಆ ದಿನ ಒಲೆ ಹಚ್ಚಲಿಲ್ಲ. ಆದ್ದರಿಂದ ಹೆಸರಿಡಬೇಕೋ ಬೇಡವೋ ಎಂಬುದು ನನ್ನ ಪ್ರಶ್ನೆಯಲ್ಲ. ಯಾವ ಜಾಗಕ್ಕೆ ಇಟ್ಟರೆ ಅದು ಉಳಿಯುತ್ತದೆ, ಕಾನೂನಿನ ದಾರಿ ಯಾವುದು, ಬೇರೆ ಕಡೆ ಹೀಗೆ ಇಟ್ಟ ಹೆಸರುಗಳ ಗತಿ ಏನಾಗಿದೆ ಎಂಬುದನ್ನು ತಿಳಿದವರು ಹೇಳಿದರೆ ಮುಂದಿನ ಸಭೆಯಲ್ಲಿ ಮಂಡಿಸಲು ನನಗೆ ಆಧಾರ ಸಿಕ್ಕಂತಾಗುತ್ತದೆ.

ಹಳೇಕಡತ:

ಸ್ಥಳೀಯ ಸಂಸ್ಥೆಗಳಲ್ಲಿ ಮೂವತ್ತು ವರ್ಷ ಕಡತ ಹೊತ್ತು ನಿವೃತ್ತನಾದವನು ನಾನು. ಹೆಸರಿಡುವ ಕಡತ ನೋಡಲು ತೆಳ್ಳಗಿದ್ದರೂ ಅದರಷ್ಟು ಜಗಳ ತಂದ ಕಡತ ಇನ್ನೊಂದನ್ನು ನಾನು ಕಂಡಿಲ್ಲ.

ಮೊದಲು, ಹೊಸದಕ್ಕೆ ಹೆಸರಿಡುವುದು ಮತ್ತು ಇದ್ದ ಹೆಸರನ್ನು ಬದಲಿಸುವುದು ಎಂಬ ಎರಡನ್ನು ಬೇರೆ ಬೇರೆಯಾಗಿ ನೋಡಿ. ಹೆಸರಿಲ್ಲದ ಉದ್ಯಾನಕ್ಕೆ ಹೆಸರಿಟ್ಟರೆ ಯಾರ ದಾಖಲೆಯೂ ಕದಲುವುದಿಲ್ಲ. ಕೋಡಿ ರಸ್ತೆಯ ಹೆಸರು ಬದಲಾದರೆ ಆ ರಸ್ತೆಯ ಪ್ರತಿ ಅಂಗಡಿಯ ಪರವಾನಗಿ, ಪ್ರತಿ ಮನೆಯ ಖಾತೆ, ಆಧಾರ್, ಮತದಾರರ ಚೀಟಿ, ಬ್ಯಾಂಕಿನ ಪುಸ್ತಕ, ಸಾಲದ ಪತ್ರ, ಇವೆಲ್ಲದರಲ್ಲಿ ಹಳೆಯ ಹೆಸರು ಉಳಿದು, ಒಂದೇ ಮನೆಗೆ ಎರಡು ವಿಳಾಸ ಹುಟ್ಟಿಕೊಳ್ಳುತ್ತದೆ. 1975ರಲ್ಲಿ ಕೇಂದ್ರ ಗೃಹ ಸಚಿವಾಲಯ ಹೊರಡಿಸಿದ ಮಾರ್ಗಸೂಚಿಯಲ್ಲಿ, ಹಳೆಯ ಬೀದಿಗಳ ಹೆಸರು ಬದಲಿಸುವುದರಿಂದ ಅಂಚೆಗೂ ಜನರಿಗೂ ಗೊಂದಲವಾಗುವುದಲ್ಲದೆ ಜನರ ಇತಿಹಾಸಪ್ರಜ್ಞೆಗೂ ನಷ್ಟವಾಗುತ್ತದೆ ಎಂಬ ಮಾತಿದೆ. ದೆಹಲಿಯಲ್ಲಿ ರಸ್ತೆಗಳ ಹೆಸರಿನ ಪ್ರಶ್ನೆ ಎದ್ದಾಗಲೆಲ್ಲ ಅದನ್ನು ಉಲ್ಲೇಖಿಸುತ್ತಾರೆ. ನಿಮ್ಮ ಪುರಸಭೆಯನ್ನು ಅದು ನೇರವಾಗಿ ಕಟ್ಟಿಹಾಕದಿದ್ದರೂ, ಸಭೆಯಲ್ಲಿ ಓದಿ ಹೇಳಿದರೆ ತೂಕದ ಮಾತೇ.

ದಾರಿ ಹೀಗೆ. ಸಂಘದಿಂದ ಲಿಖಿತ ಮನವಿ ಹೋಗಬೇಕು; ಪುರಸಭೆಯ ಸಾಮಾನ್ಯ ಸಭೆಯಲ್ಲಿ ವಿಷಯಪಟ್ಟಿಗೆ ಬಂದು ನಿರ್ಣಯವಾಗಬೇಕು; ಆಕ್ಷೇಪಣೆ ಇದ್ದವರು ಸಲ್ಲಿಸಲೆಂದು ಸಾರ್ವಜನಿಕ ಪ್ರಕಟಣೆ ಹೊರಡಬೇಕು; ಬಂದ ಆಕ್ಷೇಪಣೆಗಳನ್ನು ಎದುರಿಟ್ಟುಕೊಂಡು ಮತ್ತೆ ತೀರ್ಮಾನಿಸಿ, ಮೇಲಿನ ಒಪ್ಪಿಗೆಗೆ ಕಳಿಸಬೇಕು. ಬಹಳ ಊರುಗಳಲ್ಲಿ ಈ ಕ್ರಮ ತಲೆಕೆಳಗಾಗಿರುತ್ತದೆ. ರಾತ್ರೋರಾತ್ರಿ ವೃತ್ತದಲ್ಲೊಂದು ಫಲಕ ಎದ್ದು, ಬೆಳಿಗ್ಗೆ ಅದಕ್ಕೆ ಹಾರ ಬಿದ್ದು, ವರ್ಷಗಳ ನಂತರ ರಸ್ತೆ ಅಗಲಿಸುವಾಗ ಅದನ್ನು ಕೀಳಲು ಬಂದ ಸಿಬ್ಬಂದಿಯ ಮುಂದೆ ಜನ ಸೇರುತ್ತಾರೆ. ಆಗ ಕಡತ ಹುಡುಕಿದರೆ ನಿರ್ಣಯವೇ ಇರುವುದಿಲ್ಲ. ಹೆಸರಿನ ಮೇಲೆ ನಿಜವಾದ ಗೌರವ ಇರುವವರು ಈ ಆಕ್ಷೇಪಣೆಯ ಅವಧಿಯನ್ನು ತಪ್ಪಿಸಬಾರದು, ಏಕೆಂದರೆ ಹೆಸರನ್ನು ನಾಳೆ ಕಾಯುವುದು ಆ ಅವಧಿ ದಾಟಿದ ಕಾಗದವೇ.

ಪ್ರತಿಮೆಯ ವಿಷಯವನ್ನು ಇಲ್ಲಿಗೇ ಬಿಡುವುದು ಒಳಿತು. 2013ರ ಜನವರಿ 18ರಂದು ಸುಪ್ರೀಂ ಕೋರ್ಟ್, ಸಾರ್ವಜನಿಕ ರಸ್ತೆ, ಪಾದಚಾರಿ ಮಾರ್ಗ ಮತ್ತು ಅವುಗಳ ಪಕ್ಕದ ಸಾರ್ವಜನಿಕ ಜಾಗಗಳಲ್ಲಿ ಪ್ರತಿಮೆ ನಿಲ್ಲಿಸಲು ರಾಜ್ಯ ಸರ್ಕಾರಗಳು ಅನುಮತಿ ಕೊಡಬಾರದೆಂದು ಆದೇಶಿಸಿದೆ. ಆಮೇಲೂ ಪ್ರತಿಮೆಗಳು ಎದ್ದಿವೆ, ನಿಜ. ಅವುಗಳ ನೆತ್ತಿಯ ಮೇಲೆ ಯಾವಾಗಲೂ ಒಂದು ಅರ್ಜಿ ತೂಗುತ್ತಿರುತ್ತದೆ.

ಇನ್ನೊಂದು ಮಾತು. ಏರಿಯ ಕೆಳಗಿನ ಆ ಒಂದೂವರೆ ಎಕರೆ ಯಾರದು ಎಂಬುದನ್ನು ಪಹಣಿ ತೆಗೆಸಿ ನೋಡಿ. ಪುರಸಭೆ ಕಟ್ಟಿಸಿತೆಂದ ಮಾತ್ರಕ್ಕೆ ಜಾಗ ಅದರದೇ ಆಗಬೇಕಿಲ್ಲ. ಕೆರೆಗೆ ಸೇರಿದ್ದಾದರೆ ಸಣ್ಣ ನೀರಾವರಿ ಇಲಾಖೆಯ ಒಪ್ಪಿಗೆ ಬೇಕಾದೀತು.

ನಕಾಶೆ:

ಕೋಡಿ ರಸ್ತೆಯ ಹೆಸರನ್ನು ಮುಟ್ಟಬೇಡಿ ಎಂದು ಕೇಳಿಕೊಳ್ಳಲು ಬರೆಯುತ್ತಿದ್ದೇನೆ. ಪುನೀತ್ ಅವರ ಮೇಲಿನ ಅಭಿಮಾನ ಕಡಿಮೆಯಾಗಿ ಈ ಮಾತು ಹೇಳುತ್ತಿಲ್ಲ.

ಕೋಡಿ ಎಂಬುದು ಕೆರೆ ತುಂಬಿದಾಗ ಹೆಚ್ಚಾದ ನೀರು ಹೊರಗೆ ಹರಿಯುವ ಜಾಗ. ಆ ಒಂದು ಪದದಲ್ಲಿ ನೀರು ಯಾವ ಕಡೆ ಬರುತ್ತದೆ, ಎಲ್ಲಿ ಮನೆ ಕಟ್ಟಬಾರದು ಎಂಬ ಹಿರಿಯರ ಎಚ್ಚರಿಕೆ ಇದೆ. ಬೆಂಗಳೂರಿನ ಕೋಡಿಹಳ್ಳಿ, ಕೋಡಿಚಿಕ್ಕನಹಳ್ಳಿಗಳ ಹೆಸರು ಕೇಳಿದರೇ ಕೆರೆಯ ನೆನಪಾಗುತ್ತದೆ. ಪುನೀತ್ ಅವರ ಅಂತಿಮ ದರ್ಶನಕ್ಕೆ ಲಕ್ಷಾಂತರ ಜನ ಸಾಲುಗಟ್ಟಿದ ಕಂಠೀರವ ಕ್ರೀಡಾಂಗಣ ನಿಂತಿರುವುದು ಸಂಪಂಗಿ ಕೆರೆಯ ಅಂಗಳದಲ್ಲಿ. ಪಕ್ಕದ ಸಂಪಂಗಿರಾಮನಗರ ಎಂಬ ಹೆಸರೊಂದು ಉಳಿಯದೆ ಹೋಗಿದ್ದರೆ ಅಲ್ಲೊಂದು ಕೆರೆ ಇತ್ತೆಂಬುದನ್ನು ಇಂದಿನ ಮಕ್ಕಳು ನಂಬುತ್ತಿರಲಿಲ್ಲ. ನಿಮ್ಮ ಊರಿನಲ್ಲಿ ಮುಂದೊಮ್ಮೆ ಕೆರೆ ಕೋಡಿ ಬಿದ್ದ ವರ್ಷ, ರಸ್ತೆಗೆ ನೀರು ನುಗ್ಗಿದಾಗ, ಜನ ‘ಇದು ಕೋಡಿ ರಸ್ತೆಯಲ್ಲವೇ’ ಎಂದು ತಲೆದೂಗುವುದಕ್ಕಾದರೂ ಆ ಹೆಸರು ಬೇಕು.

ಎರಡನೆಯದಾಗಿ, ಬಾಯಲ್ಲಿ ಕುಳಿತ ಹೆಸರನ್ನು ಫಲಕದಿಂದ ಎಬ್ಬಿಸುವುದು ಸುಲಭವಲ್ಲ. ಬೆಂಗಳೂರಿನ ಮುಖ್ಯ ಬಸ್ ನಿಲ್ದಾಣಕ್ಕೆ ಕೆಂಪೇಗೌಡರ ಹೆಸರಿದೆ. ಊರು ಕಟ್ಟಿದವರ ಹೆಸರಿಗಿಂತ ದೊಡ್ಡ ಹೆಸರು ಆ ಊರಿಗೆ ಯಾವುದಿದೆ? ಆದರೂ ಕಂಡಕ್ಟರ್ ಕೂಗುವುದು ‘ಮೆಜೆಸ್ಟಿಕ್’ ಎಂದೇ. ಆ ಹೆಸರು ಕೊಟ್ಟ ಚಿತ್ರಮಂದಿರ ಈಗ ಇಲ್ಲ, ಹೆಸರು ಮಾತ್ರ ಇದೆ. ಕೆಂಗಲ್ ಹನುಮಂತಯ್ಯ ಅವರ ಹೆಸರಿನ ರಸ್ತೆ ಜನರ ಬಾಯಲ್ಲಿ ‘ಡಬಲ್ ರೋಡ್’. ಎಲ್ಲರೂ ಒಪ್ಪಿಕೊಂಡ ಹೆಸರುಗಳಿಗೂ ಇನ್ನೊಂದು ಕಂಟಕ ಕಾದಿರುತ್ತದೆ, ಅದು ಇನಿಷಿಯಲ್. ಜಯಚಾಮರಾಜೇಂದ್ರ ರಸ್ತೆ ‘ಜೆ.ಸಿ. ರೋಡ್’ ಆಯಿತು. ಅಲ್ಲಿ ವಾಹನದ ಬಿಡಿಭಾಗ ಕೊಳ್ಳಲು ಹೋಗುವವರಲ್ಲಿ ಎಷ್ಟು ಜನಕ್ಕೆ ಮಹಾರಾಜರ ನೆನಪಾಗುತ್ತದೆ?

ಇನ್ನು ಪುನೀತ್ ಅವರದೇ ರಸ್ತೆಯನ್ನು ನೋಡಿ. ಮೈಸೂರು ರಸ್ತೆಯ ನಾಯಂಡಹಳ್ಳಿ ಜಂಕ್ಷನ್‌ನಿಂದ ಬನ್ನೇರುಘಟ್ಟ ರಸ್ತೆಯ ವೇಗಾ ಸಿಟಿ ಮಾಲ್ ಜಂಕ್ಷನ್‌ವರೆಗಿನ ಸುಮಾರು 12 ಕಿಲೋಮೀಟರ್ ಹೊರವರ್ತುಲ ರಸ್ತೆಗೆ 2023ರ ಫೆಬ್ರವರಿ 7ರಂದು ವಿಧ್ಯುಕ್ತವಾಗಿ ಡಾ. ಪುನೀತ್ ರಾಜ್‌ಕುಮಾರ್ ರಸ್ತೆ ಎಂಬ ಹೆಸರಾಯಿತು. ‘ರಿಂಗ್ ರೋಡ್’ ಎಂಬ ಇಂಜಿನಿಯರ್ ಭಾಷೆಯ ಗುರುತನ್ನು ಬಿಟ್ಟರೆ ಆ ರಸ್ತೆಗೆ ಹೆಸರೇ ಇರಲಿಲ್ಲವಾದ್ದರಿಂದ ಆಯ್ಕೆ ಸರಿಯಾಗಿತ್ತು ಎಂದೇ ನನ್ನ ಭಾವನೆ. ಯಾರ ಹೆಸರನ್ನೂ ಅಳಿಸಿ ಅವರ ಹೆಸರು ಬರೆಯಬೇಕಾಗಲಿಲ್ಲ. ಆದರೆ ಅದೇ ರಸ್ತೆಯ ಮೇಲೆ ಪದ್ಮನಾಭನಗರದ ಬಳಿ ‘ದೇವೇಗೌಡ ಪೆಟ್ರೋಲ್ ಬಂಕ್’ ಎಂಬ ನಿಲ್ದಾಣವಿದೆ. ಒಂದು ಪೆಟ್ರೋಲ್ ಬಂಕಿನ ಹೆಸರಿಗೆ ಇರುವ ಈ ಬಲ ಹೊಸ ಹೆಸರಿಗೆ ಬರಲು ಇನ್ನೂ ಒಂದು ತಲೆಮಾರು ಬೇಕಾಗಬಹುದು. ರಸ್ತೆ ಎಂದರೆ ಜನ ದಾಟಿಹೋಗುವ ಜಾಗ. ಉದ್ಯಾನಕ್ಕೆ ಜನ ಹೋಗಿ ಕೂರುತ್ತಾರೆ. ‘ಎಲ್ಲಿದ್ದೀಯ’ ಎಂದು ಫೋನಿನಲ್ಲಿ ಕೇಳಿದವರಿಗೆ ಹೇಳಲೇಬೇಕಾದ ಹೆಸರು ಅದು.

ಮೂರುಚಕ್ರ:

ಮೇಲಿನವರ ಮಾತಿಗೆ ನನ್ನದೊಂದು ಸೇರಿಕೆ. ನನ್ನ ತಂದೆ ದಾವಣಗೆರೆಯಲ್ಲಿ ಆಟೊ ಓಡಿಸಿ ನಮ್ಮನ್ನು ಓದಿಸಿದವರು. ಅವರ ನಿಲ್ದಾಣಕ್ಕೆ ಇದ್ದ ಹೆಸರು ‘ಶಂಕರ್‌ನಾಗ್ ಆಟೊ ನಿಲ್ದಾಣ’. ಇದಕ್ಕೆ ಯಾವ ಪಾಲಿಕೆಯ ನಿರ್ಣಯವೂ ಇರಲಿಲ್ಲ, ಹಳೇಕಡತ ಅವರು ಕ್ಷಮಿಸಬೇಕು.

1980ರಲ್ಲಿ ‘ಆಟೋ ರಾಜ’ ಬಂದಾಗ ಖಾಕಿ ಅಂಗಿಯ ಚಾಲಕನೂ ನಾಯಕನಾಗಬಲ್ಲ ಎಂಬುದನ್ನು ಶಂಕರ್‌ನಾಗ್ ತೋರಿಸಿದರು. 1990ರ ಸೆಪ್ಟೆಂಬರ್ 30ರ ಬೆಳಗಿನ ಜಾವ ನಮ್ಮದೇ ಜಿಲ್ಲೆಯ ಆನಗೋಡು ಬಳಿ ಹೆದ್ದಾರಿಯ ಅಪಘಾತದಲ್ಲಿ ಅವರು ತೀರಿಕೊಂಡಾಗ ಅವರಿಗೆ ಮೂವತ್ತಾರು ತುಂಬಿರಲಿಲ್ಲ. ಆಮೇಲೆ ರಾಜ್ಯದ ಊರೂರಿನಲ್ಲಿ ಆಟೊ ನಿಲ್ದಾಣಗಳಿಗೆ ಅವರ ಹೆಸರು ಬಂತು. ತಗಡಿನ ಫಲಕ, ಕೆಂಪು ಹಳದಿ ಬಣ್ಣ, ಗಡ್ಡದ ಒಂದು ಮುಖ. ಬಣ್ಣ ಮಾಸಿದರೆ ಚಾಲಕರೇ ತಲೆಗಿಷ್ಟು ಹಾಕಿ ಮತ್ತೆ ಬರೆಸುತ್ತಾರೆ. ನವೆಂಬರ್ 9ಕ್ಕೆ, ಅವರ ಹುಟ್ಟಿದ ದಿನ, ಹಾರ ಹಾಕಿ ಸಿಹಿ ಹಂಚುತ್ತಾರೆ. ಅವರ ಒಂದು ಚಿತ್ರವನ್ನೂ ಚಿತ್ರಮಂದಿರದಲ್ಲಿ ನೋಡದ ಇಪ್ಪತ್ತೈದರ ಹುಡುಗರು ಇಂದು ಆ ಫಲಕದ ಕೆಳಗೆ ಗಾಡಿ ನಿಲ್ಲಿಸುತ್ತಾರೆ. ಯಾಕೆ ಉಳಿಯಿತು ಎಂದು ಕೇಳಿದರೆ ನನಗೆ ತೋರುವ ಉತ್ತರ ಒಂದೇ: ಹೆಸರಿಟ್ಟವರೇ ಆ ಜಾಗದಲ್ಲಿ ದಿನವೂ ದುಡಿಯುವವರು.

ಅವರ ಬದುಕಿನ ಇನ್ನೊಂದು ಅರ್ಧ ರಂಗಭೂಮಿ. ಅದರ ನೆನಪು ಬೇರೆಯೇ ದಾರಿ ಹಿಡಿಯಿತು. ಪತ್ನಿ ಅರುಂಧತಿ ನಾಗ್ ಅವರು ಹತ್ತಾರು ವರ್ಷ ಹೆಣಗಾಡಿ ಬೆಂಗಳೂರಿನ ಜೆ.ಪಿ. ನಗರದಲ್ಲಿ ಕಟ್ಟಿಸಿದ ರಂಗಶಂಕರ 2004ರ ಅಕ್ಟೋಬರ್‌ನಲ್ಲಿ ತೆರೆಯಿತು. ನಾಟಕ ಶುರುವಾದ ಮೇಲೆ ಬಂದವರನ್ನು ಒಳಗೆ ಬಿಡದ ಜಾಗ ಅದು. ‘ಶಂಕರ್‌ನಾಗ್ ಸ್ಮಾರಕ ಭವನ’ ಎಂದು ಹೆಸರಿಟ್ಟಿದ್ದರೆ ಅದು ಇಷ್ಟು ಸಲೀಸಾಗಿ ಬಾಯಿಗೆ ಬರುತ್ತಿತ್ತೇ? ಆದ್ದರಿಂದ ಫಲಕ ಬರೆಸುವ ಮೊದಲು ಆ ಹೆಸರನ್ನು ನಾಲ್ಕು ಸಲ ಜೋರಾಗಿ ಕೂಗಿ ನೋಡಿ.

ಒಂಟಿಕೊಪ್ಪಲಿನವ:

ಪಹಣಿ ನೋಡಿ ಎಂದು ಹಳೇಕಡತ ಹೇಳಿದ್ದನ್ನು ಯಾರೂ ಲಘುವಾಗಿ ತೆಗೆದುಕೊಳ್ಳಬಾರದು. ವಿಷ್ಣುವರ್ಧನ್ ಅಭಿಮಾನಿಗಳಾದ ನಾವು ಆ ಪಾಠವನ್ನು ಹದಿನೈದು ವರ್ಷ ಕಲಿತಿದ್ದೇವೆ.

2009ರ ಡಿಸೆಂಬರ್ 30ರಂದು ಅವರು ನಮ್ಮ ಮೈಸೂರಿನಲ್ಲಿ ತೀರಿಕೊಂಡರು. ಅಂತ್ಯಸಂಸ್ಕಾರ ಬೆಂಗಳೂರಿನ ಉತ್ತರಹಳ್ಳಿ-ಕೆಂಗೇರಿ ರಸ್ತೆಯ ಅಭಿಮಾನ್ ಸ್ಟುಡಿಯೊದಲ್ಲಿ ಆಯಿತು. ಹಿರಿಯ ನಟ ಬಾಲಕೃಷ್ಣ ಅವರು ಸರ್ಕಾರದಿಂದ ಪಡೆದ ಜಮೀನಿನಲ್ಲಿ ಕಟ್ಟಿದ ಸ್ಟುಡಿಯೊ ಅದು. ದುಃಖದ ಆ ದಿನ ಜಮೀನಿನ ಕಾಗದ ಕೇಳುವ ಮನಸ್ಸು ಯಾರಿಗಿತ್ತು? ಆಮೇಲೆ ಅದು ತಕರಾರಿನ ಜಾಗವಾಗಿ, ಸ್ಮಾರಕ ಅಲ್ಲಿ ಆಗಬೇಕೋ ಮೈಸೂರಿನಲ್ಲಿ ಆಗಬೇಕೋ ಎಂಬ ಎಳೆದಾಟದಲ್ಲಿ ವರ್ಷಗಳು ಕಳೆದವು. ಕೊನೆಗೆ ಮೈಸೂರಿನ ಹೊರಗೆ, ಎಚ್.ಡಿ. ಕೋಟೆ ರಸ್ತೆಯ ಹಾಲಾಳು ಗ್ರಾಮದ ಬಳಿ ಸರ್ಕಾರ ಕೊಟ್ಟ 5 ಎಕರೆಯಲ್ಲಿ ಸ್ಮಾರಕ ಎದ್ದು 2023ರ ಜನವರಿ 29ರಂದು ಉದ್ಘಾಟನೆಯಾಯಿತು, ಅಂದರೆ ಅವರು ಹೋದ ಹದಿಮೂರು ವರ್ಷಕ್ಕೆ. ಅಭಿಮಾನಿಗಳು ಪ್ರತಿ ವರ್ಷ ಹೂವಿಟ್ಟು ಬರುತ್ತಿದ್ದ ಸ್ಟುಡಿಯೊದ ಸಮಾಧಿ 2025ರ ಆಗಸ್ಟ್ 8ರಂದು ನೆಲಸಮವಾಯಿತು. ಮರುತಿಂಗಳೇ ಸರ್ಕಾರ ಅವರಿಗೆ ಮರಣೋತ್ತರ ಕರ್ನಾಟಕ ರತ್ನ ಪ್ರಕಟಿಸಿತು. ಸಂತೋಷಪಡಬೇಕೋ ಅಳಬೇಕೋ ಎಂಬ ಸ್ಥಿತಿ ನಮ್ಮದು.

ವಿಚಿತ್ರವೆಂದರೆ, ಆ ಸ್ಟುಡಿಯೊದ ಮುಂದೆಯೇ ಹಾದುಹೋಗುವ ರಸ್ತೆಗೆ ಡಾ. ವಿಷ್ಣುವರ್ಧನ್ ರಸ್ತೆ ಎಂಬ ಹೆಸರಿದೆ, ಅದು ಹಾಗೆಯೇ ಉಳಿದಿದೆ. ನೆಲದ ತಕರಾರು ಹೆಸರನ್ನು ಮುಟ್ಟಲಿಲ್ಲ. ರಾಜ್‌ಕುಮಾರ್, ಅಂಬರೀಷ್, ಪುನೀತ್ ಮೂವರೂ ಮಲಗಿರುವ ಕಂಠೀರವ ಸ್ಟುಡಿಯೊ ಸರ್ಕಾರದ್ದಾದ್ದರಿಂದ ಅಲ್ಲಿ ಈ ಗೋಜಲು ಹುಟ್ಟಲಿಲ್ಲ. ಆದ್ದರಿಂದ ನಿಮ್ಮ ಊರಿನಲ್ಲಿ ಹೆಸರು ಬೇಗ ಆಗದಿದ್ದರೂ ಚಿಂತೆಯಿಲ್ಲ, ಕಾಗದ ಮೊದಲು ಆಗಲಿ.

ಸಾಲುಮರ:

ಸಭೆಯಲ್ಲಿ ಎದ್ದು ಕೇಳಿದ ಆ ಹಿರಿಯರ ಪ್ರಶ್ನೆಗೆ ಇಲ್ಲಿ ಯಾರೂ ಉತ್ತರ ಕೊಡಲಿಲ್ಲ. ನಾನು ಅವರ ಪಕ್ಷ. ಪುನೀತ್ ಅವರಿಗೆ ರಾಜಧಾನಿಯಲ್ಲಿ ರಸ್ತೆಯಿದೆ, 2022ರ ರಾಜ್ಯೋತ್ಸವದಂದು ಮಳೆಯಲ್ಲೇ ನಡೆದ ಸಮಾರಂಭದಲ್ಲಿ ಮರಣೋತ್ತರವಾಗಿ ಸಂದ ಕರ್ನಾಟಕ ರತ್ನವಿದೆ, ಹೊಸಪೇಟೆಯಂಥ ಊರುಗಳಲ್ಲಿ ವೃತ್ತವೂ ಪ್ರತಿಮೆಯೂ ಇವೆ. ಎದೆನೋವು ಬಂದವರಿಗೆ ತಾಲ್ಲೂಕು ಆಸ್ಪತ್ರೆಯಲ್ಲೇ ಇಸಿಜಿ ತೆಗೆದು, ಹೆಪ್ಪುಗಟ್ಟಿದ ರಕ್ತ ಕರಗಿಸುವ ದುಬಾರಿ ಚುಚ್ಚುಮದ್ದನ್ನು ಉಚಿತವಾಗಿ ಕೊಡುವ ಸರ್ಕಾರದ ಹೃದಯಜ್ಯೋತಿ ಯೋಜನೆಯೂ ಅವರ ಹೆಸರಿನಲ್ಲಿದೆ. ನನ್ನನ್ನು ಕೇಳಿದರೆ ಇವೆಲ್ಲದರಲ್ಲಿ ಅತ್ಯಂತ ಅರ್ಥವಿರುವುದು ಈ ಕೊನೆಯದೇ, ಏಕೆಂದರೆ ಅವರು ಹೋದದ್ದು ಹೃದಯಾಘಾತದಿಂದ, ಯೋಜನೆ ನಿಂತಿರುವುದು ಇನ್ನೊಬ್ಬರು ಹಾಗೆ ಹೋಗದಿರಲೆಂದು. ಇದರ ಪಕ್ಕದಲ್ಲಿ ಇನ್ನೊಂದು ಉದ್ಯಾನದ ಕಮಾನು ಅವರಿಗೆ ಏನನ್ನು ಸೇರಿಸುತ್ತದೆ?

ಆದರೆ ನಿಮ್ಮದು ತುಮಕೂರು ಜಿಲ್ಲೆ ಎಂದಿರಿ. ಹಾಗಾದರೆ ‘ಊರಿಗೆ ಸಂಬಂಧವಿಲ್ಲದ ನಟ’ ಎಂಬ ಮಾತು ಏಕೆ ಬರಬೇಕು? ಗುಬ್ಬಿ ವೀರಣ್ಣನವರ ಗುಬ್ಬಿ ನಿಮ್ಮ ಜಿಲ್ಲೆಯದು. ನಗೆನಟ ನರಸಿಂಹರಾಜು ತಿಪಟೂರಿನವರು. ಇಬ್ಬರಲ್ಲಿ ವೀರಣ್ಣನವರಿಗೆ ತುಮಕೂರಿನಲ್ಲಿ ಕಲಾಕ್ಷೇತ್ರವಾದರೂ ಇದೆ. ನರಸಿಂಹರಾಜು ಅವರ ಜನ್ಮಶತಮಾನೋತ್ಸವದ ವರ್ಷ 2023 ಬಂದು ಹೋಯಿತು. ನಿಮ್ಮ ಊರಿನ ಎಷ್ಟು ಯುವಕರಿಗೆ ಅದು ತಿಳಿದಿತ್ತು? 1954ರ ‘ಬೇಡರ ಕಣ್ಣಪ್ಪ’ದಲ್ಲಿ ರಾಜ್‌ಕುಮಾರ್ ನಾಯಕರಾಗಿ ತೆರೆಗೆ ಬಂದಾಗ ಅದೇ ಚಿತ್ರದಲ್ಲಿ ತೆರೆಗೆ ಬಂದವರು ನರಸಿಂಹರಾಜು. ಅವರ ಕಾಲ್‌ಶೀಟ್ ಸಿಕ್ಕ ಮೇಲೆ ನಾಯಕನ ಕಾಲ್‌ಶೀಟ್ ಕೇಳುತ್ತಿದ್ದರೆಂಬ ಮಾತು ಗಾಂಧಿನಗರದಲ್ಲಿ ಇಂದಿಗೂ ಓಡಾಡುತ್ತದೆ. 1979ರಲ್ಲಿ ತೀರಿಕೊಂಡರು. ಮೈಕಟ್ಟು, ಹೋರಾಟ, ನೃತ್ಯ ಯಾವುದೂ ಇಲ್ಲದೆ, ಬರೀ ಹಲ್ಲು ತೋರಿಸಿ ಒಂದು ನಾಡನ್ನು ನಗಿಸಿದ ಮನುಷ್ಯನಿಗೆ ತಮ್ಮದೇ ಜಿಲ್ಲೆಯ ಕಲ್ಲುಬೆಂಚಿನ ಉದ್ಯಾನ ಒಪ್ಪುವುದಿಲ್ಲವೇ?

ಕೆರೆದಂಡೆ:

ಎಲ್ಲರಿಗೂ ವಂದನೆಗಳು. ಸಾಲುಮರ ಅವರ ಮಾತು ಓದಿ ಒಂದು ದಿನ ಏನೂ ಬರೆಯಲಾಗಲಿಲ್ಲ. ನಿನ್ನೆ ಸಂಜೆ ಯುವಕರನ್ನೂ ಹಿರಿಯರನ್ನೂ ಅದೇ ಉದ್ಯಾನದ ಬೆಂಚಿನ ಮೇಲೆ ಕೂರಿಸಿ ಇವೆಲ್ಲವನ್ನೂ ಓದಿ ಹೇಳಿದೆ. ನರಸಿಂಹರಾಜು ಎಂದಾಗ ಹಿರಿಯರ ಮುಖದಲ್ಲಿ ನಗು ತಾನಾಗಿ ಬಂತು. ಹುಡುಗರಲ್ಲಿ ಇಬ್ಬರು ಫೋನಿನಲ್ಲಿ ಅವರ ಹಾಸ್ಯದೃಶ್ಯ ಹುಡುಕಿ ಅಲ್ಲೇ ನೋಡಿದರು.

ಉದ್ಯಾನಕ್ಕೆ ಪುನೀತ್ ಅವರ ಹೆಸರು, ಓದುವ ಕೋಣೆಯ ಮುಂದಿನ ಕಟ್ಟೆಗೆ ನರಸಿಂಹರಾಜು ಅವರ ಹೆಸರು ಎಂದು ಮನವಿ ಬರೆಯುವುದೆಂದಾಯಿತು. ಶಾಲೆಯ ಮಕ್ಕಳ ನಾಟಕ, ರಾಜ್ಯೋತ್ಸವದ ಹಾಡು ಆ ಕಟ್ಟೆಯ ಮೇಲೆ ಆಗಲಿ ಎಂದು ಹಿರಿಯರೇ ಹೇಳಿದರು. ಕೋಡಿ ರಸ್ತೆ ಕೋಡಿ ರಸ್ತೆಯಾಗಿಯೇ ಇರುತ್ತದೆ. ರಸ್ತೆಯೇ ಬೇಕೆಂದಿದ್ದವರು ಪೂರ್ತಿ ಒಪ್ಪಿಲ್ಲ. ಅಂಗಡಿಯವರ ಖಾತೆ, ಪರವಾನಗಿಯ ಮಾತು ಬಂದಾಗ ಸುಮ್ಮನಾದರು ಅಷ್ಟೆ. ಪ್ರತಿಮೆಯ ಬದಲಿಗೆ, ಪ್ರತಿ ವರ್ಷ ಮಾರ್ಚ್ 17ರಂದು ಪುನೀತ್ ಅವರ ಜನ್ಮದಿನಕ್ಕೆ ಉದ್ಯಾನದಲ್ಲಿ ನೇತ್ರದಾನದ ನೋಂದಣಿ ಇಟ್ಟುಕೊಳ್ಳೋಣ ಎಂದು ಯುವಕರೇ ಮುಂದೆ ಬಂದರು. ಅವರ ಎರಡು ಕಣ್ಣುಗಳ ಕಾರ್ನಿಯಾವನ್ನು ಪದರಗಳಾಗಿ ಬಿಡಿಸಿ ನಾಲ್ಕು ಜನಕ್ಕೆ ದೃಷ್ಟಿ ಕೊಟ್ಟದ್ದು ಅವರಿಗೆಲ್ಲ ಬಾಯಿಪಾಠ. ತಂದೆ ರಾಜ್‌ಕುಮಾರ್ ಅವರ ಹೆಸರಿನಲ್ಲಿ 1994ರಿಂದ ನೇತ್ರ ಬ್ಯಾಂಕ್ ಇದೆ, 2006ರಲ್ಲಿ ಅವರ ಕಣ್ಣುಗಳೂ ದಾನವಾದವು ಎಂದು ನಾನು ಸೇರಿಸಿದೆ. ಪಹಣಿಗೆ ನಾಡಕಚೇರಿಯಲ್ಲಿ ಅರ್ಜಿ ಕೊಟ್ಟಿದ್ದೇನೆ.

ಒಂದು ಸಣ್ಣ ವಿಷಯ ಉಳಿದಿದೆ. ಮನವಿಯಲ್ಲಿ ಹೆಸರನ್ನು ಹೇಗೆ ಬರೆಯಬೇಕು? ‘ಕರ್ನಾಟಕ ರತ್ನ ಡಾ. ಪುನೀತ್ ರಾಜ್‌ಕುಮಾರ್ ಉದ್ಯಾನವನ’ ಎಂದು ಸಂಘದ ಕಾರ್ಯದರ್ಶಿಗಳು ಕರಡು ಮಾಡಿದ್ದಾರೆ. ಜೋರಾಗಿ ಕೂಗಿ ನೋಡಿದೆವು, ಉಸಿರು ಸಾಲಲಿಲ್ಲ.

ಹಳೇಕಡತ:

ನಿರ್ಣಯದಲ್ಲಿ ಪೂರ್ತಿ ಹೆಸರೇ ಇರಲಿ, ಬಿರುದು ಬೇಡ. ಬಿರುದು ಸೇರಿಸಿದರೆ ಮುದ್ರಿಸುವವರು ತಪ್ಪು ಮಾಡುತ್ತಾರೆ, ಮುಂದೆ ಬರುವ ಗುಮಾಸ್ತ ಇನಿಷಿಯಲ್‌ಗೆ ಇಳಿಸುತ್ತಾನೆ. ಹೆಸರಿನ ಕೆಳಗೆ ಹುಟ್ಟಿದ ವರ್ಷ 1975, ಅಗಲಿದ ವರ್ಷ 2021 ಎರಡನ್ನೂ ಕೆತ್ತಿಸಿ. ಕಟ್ಟೆಗೂ ಹಾಗೆಯೇ, 1923 ಮತ್ತು 1979. ಮೂವತ್ತು ವರ್ಷದ ನಂತರ ಬಂದ ಮಗುವಿಗೆ ಯಾರಿವರು ಎಂದು ಕೇಳಲು ಅಷ್ಟು ಸಾಕು.

ಮೂರುಚಕ್ರ:

ಕಲ್ಲಿನ ಮೇಲೆ ಏನನ್ನಾದರೂ ಬರೆಸಿ, ನಿಮ್ಮ ಊರಿನ ಆಟೊದವರು ಮೊದಲ ದಿನದಿಂದಲೇ ಅದನ್ನು ‘ಅಪ್ಪು ಪಾರ್ಕ್’ ಎನ್ನುತ್ತಾರೆ. ಉದ್ಘಾಟನೆಗೆ ಅವರನ್ನೂ ಕರೆಯಿರಿ.